ಹಟ್ಟಿಯ ಉಡಿಯಕ್ಕಿ

ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ. ನಮ್ಮ ಅಣ್ಣ ಹಿಡಿದದ್ದು ಕ್ಯಾರವಾನ್.

ಅಮೀರ್‌ಪೇಟೆಯಲ್ಲಿ ಕಂಪ್ಯೂಟರ್ ಕೋರ್ಸ್ ಮುಗಿಸಿದವರಿಗೆಲ್ಲ ಸಾಫ್ಟ್‌ವೇರ್ ಕೆಲಸ ಸಿಗುತ್ತಿದ್ದ ಕಾಲ ಅದು. ಅಣ್ಣನಿಗೂ ಸಿಕ್ಕಿತು. ಕಂಪನಿಯವರು ಒಂದಷ್ಟು ದಿನ ಪರದೇಶಕ್ಕೂ ಕಳಿಸಿದರು. ಅಲ್ಲಿ ಜನ ಮನೆಯನ್ನೇ ಗಾಡಿಗೆ ಹೇರಿಕೊಂಡು ತಿರುಗುವುದನ್ನು ನೋಡಿ ಬಂದವನು, ಕೂಕಟ್‌ಪಲ್ಲಿಯ ಗ್ಯಾರೇಜೊಂದರಲ್ಲಿ ಹಳೇ ಮೆಟಡೋರಿಗೆ ಮಂಚ, ಗ್ಯಾಸಿನ ಒಲೆ, ನೀರಿನ ಟಾಕಿ ಕೂಡಿಸಿದ. ಮೊದಲು ಹಟ್ಟಿಯ ಚಿನ್ನದ ಗಣಿ, ಆಮೇಲೆ ಕಾರವಾರದ ಹಳೇ ಬಂದರು ಅಂತ ತೀರ್ಮಾನವಾಯಿತು.

ಅವ್ವ ಒಪ್ಪಿದ್ದು ಹಟ್ಟಿಯ ಸಲುವಾಗಿ ಮಾತ್ರ. ಗಣಿಯಲ್ಲಿದ್ದ ಅವಳ ತಮ್ಮ ಆ ತಿಂಗಳು ರಿಟೈರ್ ಆಗಿ ಕ್ವಾರ್ಟರ್ಸ್ ಬಿಡುವವನಿದ್ದ. ಅಜ್ಜನೂ ಗಣಿಯವನೇ ಆಗಿದ್ದರಿಂದ ಅವ್ವ ಹುಟ್ಟಿದ್ದೂ ಅದೇ ಮನೆಯಲ್ಲಿ. ಅಲ್ಲಿ ಕೂತು ಕೊನೆಯ ಸಲ ಉಡಿ ತುಂಬಿಸಿಕೊಳ್ಳಬೇಕೆಂದು ಅವಳ ಆಸೆ. ತವರಿಗೆ ಹೋದ ಹೆಣ್ಣು ಬರೀ ಸೆರಗಿನಲ್ಲಿ ಗಂಡನ ಮನೆಗೆ ಮರಳಬಾರದು; ಅಕ್ಕಿ, ಕೊಬ್ಬರಿ, ಕುಪ್ಪಸದ ಖಣ ಕಟ್ಟಿಕೊಂಡೇ ಬರಬೇಕು. ಮೊಣಕಾಲು ನೋವಿನ ಅಪ್ಪ ಉಪ್ಪಲ್‌ನ ನಮ್ಮ ಮನೆಯಲ್ಲೇ ಉಳಿದರು.

ಊರು ಇನ್ನೂ ದೂರ ಇರುವಾಗಲೇ ಅಣ್ಣ ಗಾಡಿ ನಿಲ್ಲಿಸಿ, ಒಲೆಯ ಚಂದ ತೋರಿಸಲು ಉಪ್ಪಿಟ್ಟು ಮಾಡಿ ನಮಗೆಲ್ಲ ತಿನ್ನಿಸಿದ. ಮನೆ ಮುಟ್ಟಿದರೆ ಅತ್ತೆ, ಅಂದರೆ ಮಾವನ ಹೆಂಡತಿ, ಕಾಲಿಗೆ ನೀರು ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಒಳಗಿನಿಂದ ಹೋಳಿಗೆಯ ವಾಸನೆ ಬರುತ್ತಿತ್ತು.

"ತ್ರಾಸ ತಗೋಬ್ಯಾಡ್ರಿ ಅತ್ತಿ, ಉಂಡು ಬಂದೀವಿ," ಅಂದ ಅಣ್ಣ. "ಮಲಗಾಕ, ಕುಡಿಯಾಕ, ಎಲ್ಲಾ ಗಾಡ್ಯಾಗ ಐತಿ."

ಅವ್ವ ತನಗೆ ಹಸಿವಾಗಿದೆ, ಬಡಿಸು ಅಂದಳು. ಅತ್ತೆ ಕೇಳಿಸದವಳಂತೆ ಹೋಳಿಗೆ ಬುಟ್ಟಿಗೆ ಬಟ್ಟೆ ಮುಚ್ಚಿದಳು. ಅವರ ಮನೆ ಮುಂದೆಯೇ ಗಾಡಿ ನಿಲ್ಲಿಸಿಕೊಂಡು, ಅದರಲ್ಲೇ ಮಲಗಿದೆವು.

ಬೆಳಿಗ್ಗೆ ಮಾವ ಪಾಳಿಗೆ ಹೋಗಿದ್ದ. ಅಣ್ಣ ಗಣಿಯ ಫೋಟೊ ತೆಗೆಯಲು ಹೋಗಿದ್ದ. ಹೊರಡುವ ಮುಂಚೆ ಅವ್ವ ತಾನೇ ಮಣೆ ಹಾಕಿಕೊಂಡು ಕೂತು ಸೆರಗು ಹಿಡಿದಳು. ಅತ್ತೆ ಕುಂಕುಮ ಹಚ್ಚಿದಳು, ಅಷ್ಟೇ.

"ಎಲ್ಲಾ ಗಾಡ್ಯಾಗ ಐತಿ ಅಂದಾನಲ್ರಿ ಅಕ್ಕಾರ, ನಿಮ್ಮ ಮಗ. ಉಡಿಯಕ್ಕಿನೂ ಇರ್ತಾವ."

ನಾನು ಬಾಯಿ ತೆರೆಯುವಷ್ಟರಲ್ಲಿ ಅವ್ವ ನನ್ನ ಕೈ ಒತ್ತಿದಳು. ಸೆರಗು ಸರಿ ಮಾಡಿಕೊಂಡು ಎದ್ದಳು.

ಕಾರವಾರದಲ್ಲಿ ಅಣ್ಣ ಯಾವ ದೇಶದ ಹಡಗು ಎಲ್ಲಿ ನಿಲ್ಲುತ್ತಿತ್ತೆಂದು ವಿವರಿಸಿದ್ದೇ ವಿವರಿಸಿದ್ದು. ಅವ್ವ ಗಾಡಿ ಇಳಿಯಲೇ ಇಲ್ಲ. ಸಮುದ್ರ ನೋಡು ಅಂದರೆ, ಇಲ್ಲಿಂದಲೇ ಕಾಣುತ್ತದೆ ಅಂದಳು.

ಉಪ್ಪಲ್ ತಲುಪಿದ ಮೇಲೆ ಅಣ್ಣ ಸಾಮಾನು ಇಳಿಸುತ್ತಿದ್ದ. ಅವ್ವ ಹಿಂದೆ ಉಳಿದು, ಗಾಡಿಯಲ್ಲಿ ಅಡುಗೆಗೆಂದು ಇಟ್ಟಿದ್ದ ಡಬ್ಬಿ ತೆರೆದು, ಅದರ ಅಕ್ಕಿಯನ್ನು ತನ್ನ ಸೆರಗಿಗೆ ತಾನೇ ಸುರಿದುಕೊಂಡು ಗಂಟು ಹಾಕಿದಳು. ನಾನು ನೋಡಿದೆ. ನೋಡಿದೆನೆಂದು ಅವಳಿಗೂ ಗೊತ್ತಾಯಿತು. ಒಳಗೆ ಹೋಗಿ ಅಪ್ಪನಿಗೆ, ತವರಿನವರು ಉಡಿ ತುಂಬಿ ಕಳಿಸಿದರು ಅಂದಳು.

ಮರುದಿನ ಆ ಅಕ್ಕಿಯ ಹುಗ್ಗಿ ಮಾಡಿ ಬಡಿಸಿದಳು. ಯಾರಿಗೂ ಒಂದಿಷ್ಟೂ ತೊಂದರೆ ಕೊಡದೆ ತಿರುಗಿ ಬಂದೆವೆಂದು ಅಣ್ಣ ಅಪ್ಪನೆದುರು ಹೇಳುತ್ತಲೇ ಉಂಡ. ಅಪ್ಪ ತಾಟು ಮುಂದೆ ಸರಿಸಿ ಇನ್ನಷ್ಟು ಹಾಕಿಸಿಕೊಂಡರು.

"ಏನೇ ಅನ್ನು, ನಿನ್ನ ತವರಿನ ಅಕ್ಕಿ ರುಚಿನ ಬ್ಯಾರೆ."

ಹೌದೆಂದು ಅವ್ವ ತಲೆಯಾಡಿಸಿದಳು.