ಮೆಣಸಿನಕಾಯಿ ಅಂಚಿನ ತಲೆವಸ್ತ್ರ

ಬುರ್ಸಾದ ಹಳೇ ಕೇರಿಯ ಮ್ಯುಜ್ಗಾನ್‌ಳಿಗೆ ಗಂಡ ಕವಿತೆ ಬರೆಯುವುದರ ಬಗ್ಗೆ ತಕರಾರಿರಲಿಲ್ಲ. ಮೇಷ್ಟರ ಕೆಲಸ ಮುಗಿಸಿ ಬಂದ ಹಲ್ದುನ್ ಹೊಸದಾಗಿ ಬರೆದದ್ದನ್ನು ಓದುತ್ತಿದ್ದ, ಅವಳು ಬೀನ್ಸ್ ಮುರಿಯುತ್ತ ಕೇಳುತ್ತಿದ್ದಳು. ಈ ಸಲ ಮಾತ್ರ ಅವನು ಓದಲಿಲ್ಲ. ಪತ್ರಿಕೆಯಲ್ಲಿ ಅಚ್ಚಾದ ಮೇಲೆಯೇ ಅವಳು ಕಂಡದ್ದು.

ಕವಿತೆಯೊಳಗೆ ಒಬ್ಬಳು ಹಡಗುಕಟ್ಟೆಯಲ್ಲಿ ಕಾಯುತ್ತಿದ್ದಳು. ಅವಳ ಕೈಯಿಂದ ನಿಂಬೆ ಕೊಲೋನಿನ ಪರಿಮಳ. ಇಂದಿನ ಬೀದಿಮಾತಿನ ನಡುವೆ ಅಗಲಿಕೆಗೆ ಮಾತ್ರ ಅಜ್ಜಂದಿರ ಕಾಲದ ಪದ, ಪೆಟ್ಟಿಗೆಯ ತಳದಿಂದ ತೆಗೆದ ರೇಷ್ಮೆಯಂತೆ. ಆ ರೇಷ್ಮೆ ಯಾರಿಗೋಸ್ಕರ? ಮ್ಯುಜ್ಗಾನ್ ತನ್ನ ಕೈ ಮೂಸಿ ನೋಡಿಕೊಂಡಳು. ಈರುಳ್ಳಿ, ಮಗುವಿನ ಹಾಲು.

ಆ ಹೆಂಗಸು ಯಾರೆಂದು ಕೇಳಿದರೆ ಅವನು ಕವಿತೆಗೆ ಪದರಗಳಿರುತ್ತವೆ ಎಂದು ಪಾಠ ಶುರುಮಾಡುತ್ತಾನೆ. ಅವಳು ಕೇಳಲಿಲ್ಲ, ಅಂಚಿಗೆ ನೂಲಿನ ಕೆಂಪು ಮೆಣಸಿನಕಾಯಿ ಹೆಣೆದ ತಲೆವಸ್ತ್ರ ಕಟ್ಟಿಕೊಂಡಳು. ಗಂಡನ ಮೇಲೆ ಮುನಿದವಳು ಕಟ್ಟುವ ಅಂಚು ಅದು. ಬಾಯಿ ಬಿಡಬೇಕಿಲ್ಲ, ಕೇರಿಗೆಲ್ಲ ತಿಳಿಯುತ್ತದೆ.

ಅತ್ತೆ ನಾಜಿಯೆ ಬಾಗಿಲಲ್ಲೇ ನಿಂತರು. "ಏನು ಮಗಳೇ, ತಲೆ ತುಂಬ ಮೆಣಸಿನಕಾಯಿ? ಏನ್ ಮಾಡ್ದ ನನ್ ಮಗ?"

"ದೊಡ್ಡ ಕವಿ ಅಲ್ವಾಮ್ಮ, ಓದ್ಕೊಳ್ಲಿ."

ಅವನು ಓದಿಕೊಳ್ಳಲಿಲ್ಲ. "ಈ ಬಣ್ಣ ನಿಂಗೆ ಒಪ್ಪುತ್ತೆ" ಎಂದು ಶಾಲೆಗೆ ಹೋದ. ಸಂಜೆ ಗೆಳೆಯರು ಬಂದರು. ಕಡಲೆಂದರೆ ಕಡಲಲ್ಲ, ಕಾಯುವವಳೆಂದರೆ ದೇಶವೇ ಎಂದು ಕವಿತೆಯನ್ನು ಹೊಗಳಿದರು. ಹಲ್ದುನ್ ತಲೆದೂಗಿದ. ಮ್ಯುಜ್ಗಾನ್ ಚಹಾದ ಲೋಟಗಳನ್ನು ಕುಕ್ಕಿದಳು.

ನಾಜಿಯೆಗೆ ತಡೆಯಲಾಗಲಿಲ್ಲ. "ಲೋ ಹಲ್ದುನ್, ಕಡಲಿನ ಕೆಳಗೇನಿದೆ ಅಂತ ಆಮೇಲೆ ಹುಡುಕು. ಹೆಂಡ್ತಿ ತಲೆ ಮೇಲೇನಿದೆ, ಮೊದ್ಲು ಅದನ್ನ ಓದು."

ಅವನು ನೋಡಿದ. ಕಿವಿ ಕೆಂಪಾಯಿತು. ಗೆಳೆಯರು ಹೊರಟ ಮೇಲೆ ಅಡುಗೆಮನೆಗೆ ಬಂದ.

"ಅವಳು ಯಾರೂ ಅಲ್ಲ ಮ್ಯುಜ್ಗಾನ್. ಸುಮ್ನೆ ಕಲ್ಪಿಸ್ಕೊಂಡೆ."

"ಅದೇ ನನ್ ಸಂಕಟ. ನಿಜವಾಗ್ಲೂ ಇದ್ದಿದ್ರೆ ಅವಳೂ ಮಗು ಎತ್ಕೊಂಡು ಸೊಂಟ ಹಿಡ್ಕೋತಿದ್ಲು, ಅವಳ ಕೈಯೂ ಈರುಳ್ಳಿ ನಾರ್ತಿತ್ತು. ಇವಳಿಗೆ ಕಾಯೋದು ಬಿಟ್ರೆ ಬೇರೆ ಕೆಲ್ಸ ಇಲ್ಲ. ನಂಗ್ಯಾಕೆ ಓದಿ ಹೇಳ್ಲಿಲ್ಲ?"

"ನಿಂಗೆ ನೋವಾಗುತ್ತೆ ಅನ್ನಿಸ್ತು."

"ಅಷ್ಟು ಗೊತ್ತಿತ್ತು, ಹಾಗಾದ್ರೆ."

ಹಲ್ದುನ್ ಚಾಕು ಎತ್ತಿಕೊಂಡು ಈರುಳ್ಳಿ ಹೆಚ್ಚತೊಡಗಿದ, ದಪ್ಪ ದಪ್ಪ. ಕಣ್ಣಲ್ಲಿ ನೀರಿಳಿಯಿತು. ಮ್ಯುಜ್ಗಾನ್ ಅದನ್ನು ನಂಬಲಿಲ್ಲ, ಒರೆಸಲೂ ಇಲ್ಲ. ಬುಟ್ಟಿಯಲ್ಲಿದ್ದ ಉಳಿದ ಈರುಳ್ಳಿಯನ್ನೂ ಅವನ ಮುಂದೆ ಸುರಿದಳು.

"ಇದನ್ನ ಇವತ್ತೇ ತೆಗೆಯಲ್ಲ" ಎಂದಳು ತಲೆವಸ್ತ್ರದ ಗಂಟು ಬಿಗಿಯುತ್ತ.

"ಇರ್ಲಿ" ಎಂದ ಅವನು. "ಓದ್ತಿರ್ತೀನಿ."