ಗುಬ್ಬಿಗೂ ಸಿಗದ ಕಾಳು

ನನ್ನ ಮೊಮ್ಮಕ್ಕಳಿಬ್ಬರೂ ಇವತ್ತು ಮಾತಾಡಿದರು! ಅಣ್ಣ ಕರೆದ, ತಂಗಿ ಓ ಅಂದಳು. ಸಂತೋಷ ತಡೆಯದೆ ಬರೆಯಲು ಕುಂತೀನಿ. ಅಕ್ಷರ ಸೊಟ್ಟಗಾದರೆ ಆಗಲಿ, ನಾನು ಸಾಲಿಗೆ ಹೋಗಿದ್ದೇ ಅಷ್ಟಕ್ಕಷ್ಟೆ.

ಜಗಳ ಎಂಥದಕ್ಕೆ ಅಂತೀರಿ? ಹೊಲಕ್ಕಲ್ಲ, ಮನೆಗಲ್ಲ. ಒಂದು ಆಟಕ್ಕೆ. ಥೂ! ಕಂಪ್ಯೂಟರಿನಲ್ಲಿ, ಫೋನಿನಲ್ಲಿ ಆಡುವ ಕೋಟೆ ಆಟ. ಹಳೇ ಕಾಲದ ರಾಜರ ಹಂಗೆ ಒಬ್ಬೊಬ್ಬರಿಗೆ ಒಂದು ಊರು, ಸುತ್ತ ಗೋಡೆ, ಕುದುರೆ, ಈಟಿ ಹಿಡಿದ ದಂಡು, ಕಾಳಿನ ಕಣಜ. ಯಾವ್ಯಾವುದೋ ದೇಶದವರು ಕೂಡಿ ಆಡುತ್ತಾರಂತೆ. ಮೊಮ್ಮಗ ಯಶವಂತನಗರದಲ್ಲಿ ಅದಿರಿನ ಲಾರಿ ಓಡಿಸುತ್ತಾನೆ. ಮೊಮ್ಮಗಳು ಕಡ್ಡಿರಾಂಪುರದ ಹೋಂಸ್ಟೇದಲ್ಲಿ ಕೆಲಸಕ್ಕಿದ್ದಾಳೆ. ಹಂಪಿಯ ಕಲ್ಲಿನ ಕೋಟೆ ಮಗ್ಗುಲಲ್ಲೇ ಬಿದ್ದಿರುವಾಗ ಆಕೆಗೆ ಈ ಗಾಳಿಕೋಟೆ ಯಾಕೆ ಬೇಕಿತ್ತೋ!

ಇಬ್ಬರೂ ಆಟದಲ್ಲಿ ಬೇರೆ ಬೇರೆ ಪಂಗಡ ಸೇರಿದರು. ಆಕೆ ಮಲಗಿದ ಹೊತ್ತು ನೋಡಿ ಇವನು ದಂಡು ಕಳಿಸಿ ಕಣಜ ಬಳಿದುಕೊಂಡು ಹೋದ. ಅದು ತಪ್ಪಲ್ಲವಂತೆ, ಜಾಣತನವಂತೆ! ಮಲಗಿದ ತಂಗಿಯ ಕಾಳು ಕದಿಯುವುದು! ಆಕೆ ಮಾತು ಬಿಟ್ಟಳು. ನಾಗರ ಪಂಚಮಿ ಹಬ್ಬಕ್ಕೂ ಮನೆಗೆ ಬರಲಿಲ್ಲ. ಹಿಂಗೇ ಆದರೆ ಈ ಎರಡು ಜೀವ ನನ್ನ ಹಿಂದೆ ಒಂದರ ಮುಖ ಒಂದು ನೋಡುತ್ತಾವೋ ಇಲ್ಲವೋ ಅಂತ ನನಗೆ ದಿಗಿಲು.

"ಒಯ್ದದ್ದು ತಿರುಗಿ ಕೊಡಲೇ" ಅಂದೆ ಮೊಮ್ಮಗನಿಗೆ. ಕೊಟ್ಟ, ಅದೇ ಆಟದಲ್ಲಿ, ಗಾಡಿಗಟ್ಟಲೆ. ಅಷ್ಟೊತ್ತಿಗೆ ಆಕೆಯ ಕಣಜ ಮತ್ತೆ ತುಂಬಿತ್ತಂತೆ, ಕೊಟ್ಟದ್ದೆಲ್ಲ ಅದರಲ್ಲಿ ಹಿಡಿಯಲಿಲ್ಲ.

"ಮಿಕ್ಕಿದ ಕಾಳು ಎಲ್ಲಿ ಹೋತಲೇ?"

"ಎಲ್ಲೂ ಇಲ್ಲಬೇ. ಮಾಯ."

"ಒಂದು ಗುಬ್ಬಿಗೂ ಸಿಗಲಿಲ್ಲ?"

"ಆಟದಾಗ ಗುಬ್ಬಿ ಇಲ್ಲಬೇ."

ಗುಬ್ಬಿಗೂ ಸಿಗದ್ದು ಕಾಳೇನು, ಹೊಲಸು!

ಇವತ್ತು ಮೆಟ್ರಿಯಲ್ಲಿ ನಮ್ಮ ಭತ್ತದ ರಾಶಿ. ಕೊಯ್ಯುವುದಕ್ಕೆ ಮಿಷನ್ ಬಂದರೂ, ರಾಶಿ ತಾಡಪಾಲಿನ ಮೇಲೆ ಬಿದ್ದರೂ, ನಮ್ಮ ಮನೆಯ ಪದ್ಧತಿ ಒಂದೇ: ಪೂಜೆಯಾದ ಮೇಲೆ ಮೊದಲನೇ ಮೊರ ಮನೆಯ ಹೆಣ್ಣುಮಗಳ ಉಡಿಗೆ, ಅದೂ ಅಣ್ಣ ತಮ್ಮನ ಕೈಯಿಂದ. ಅಲ್ಲಿತನಕ ಚೀಲ ತುಂಬುವಂಗಿಲ್ಲ. ಹೇಳಿ ಕಳಿಸಿದ್ದಕ್ಕೆ ಬಂದಳು, ಆದರೆ ಕಾಲುವೆ ಕಡೆ ಮುಖ ಮಾಡಿ ನಿಂತಳು. ಇವನು ಮೊರ ಹಿಡಿದು ನೆಲ ನೋಡುತ್ತಾ ನಿಂತ. ಹಮಾಲರು ಕಾಯ್ದು ಕಾಯ್ದು ಬೀಡಿ ಹಚ್ಚಿದರು. ನಾನು ಖಾಲಿ ಚೀಲಗಳ ಮೇಲೆ ಕುಂತುಬಿಟ್ಟೆ.

"ಏಳಬೇ, ಹೊತ್ತಾತು" ಅಂದ ನನ್ನ ಮಗ, ಇವರಪ್ಪ.

"ಅವಳ ಉಡಿ ತುಂಬಲಿ, ಏಳ್ತೀನಿ."

ಕಡೆಗೆ ಮೊಮ್ಮಗನೇ ಕರೆದ: "ತಂಗೀ, ಬಾರವ್ವ. ಕೈ ಸೋತವು."

"ಓ... ಬಂದೆ." ಸೆರಗೊಡ್ಡಿದಳು. "ಇದನ್ನೂ ನಾ ಮಲಗಿದಾಗ ಒಯ್ತಿಯೇನು?"

"ಎದ್ದಾಗ ಬಂದ್ರ ನೀ ಬಡೀತಿಯಲ್ಲ!"

ಆಕೆಗೆ ನಗು ತಡೆಯಲಾಗಲಿಲ್ಲ. ಉಡಿ ಅಲುಗಿ ನಾಕು ಕಾಳು ಕೆಳಗೆ ಬಿದ್ದವು. ಆರಿಸಬ್ಯಾಡ ಅಂದೆ, ಗುಬ್ಬಿಗಿರಲಿ.

ಸಂಜೆ ಪಡಸಾಲೆಯಲ್ಲಿ ಎಲ್ಲರೂ ಸಾಲಾಗಿ ಕುಂತೆವು. ಬಿಸಿ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ, ಅನ್ನ ಸಾರು. ಇಬ್ಬರ ಫೋನೂ ಒಮ್ಮೆಲೇ ಕಹಳೆ ಊದಿದವು. ಆಟದಲ್ಲಿ ಇಬ್ಬರ ಕೋಟೆಗೂ ಯಾರೋ ಲಗ್ಗೆ ಇಟ್ಟರಂತೆ.

"ಒಯ್ಯಲಿ ಬಿಡಣ್ಣ" ಅಂದಳು ಮೊಮ್ಮಗಳು. ತನ್ನ ರೊಟ್ಟಿಯಲ್ಲಿ ಅರ್ಧ ಮುರಿದು ಅವನ ತಾಟಿಗೆ ಹಾಕಿದಳು. ಯಾರೂ ಏಳಲಿಲ್ಲ. ನಾನೂ ಇನ್ನೊಂದು ರೊಟ್ಟಿ ಹಾಕಿಸಿಕೊಂಡೆ.