ನಕ್ಷೆಯಲ್ಲಿ ಖಾಲಿ ಬಿದ್ದ ಕಡಲು

ನನ್ನ ಸೋದರಮಾವ ಸುಳ್ಳುಗಾರರಲ್ಲ. ಆದರೆ ಮೀನು ಎಲ್ಲಿ ಸಿಕ್ಕಿತು ಎಂಬ ವಿಷಯದಲ್ಲಿ ಅವರು ನಾಲ್ಕು ಜನರ ಎದುರು ಸತ್ಯ ಹೇಳಿದ್ದನ್ನು ನಾನು ಕೇಳಿದ್ದು ಒಂದೇ ಸಲ. ಸುರತ್ಕಲ್ ಕಡೆಯ ಕಡಲ ಕರೆಯಲ್ಲಿ ಸಣ್ಣ ದೋಣಿ ಇಟ್ಟುಕೊಂಡವರಲ್ಲಿ ಇದೊಂದು ರೂಢಿ. ದೋಣಿ ಇಳಿಸುವವನನ್ನು ಎಲ್ಲಿಗೆ ಅಂತ ಕೇಳಬಾರದು. ಕೇಳಿದರೆ ಬಡಗು ದಿಕ್ಕಿಗೆ ಹೋಗುವವ ತೆಂಕಿಗೆ ಅನ್ನುತ್ತಾನೆ. ಕೇಳಿದವನಿಗೂ ಅದು ಗೊತ್ತು, ಅವನೂ ಬೇಸರ ಮಾಡುವುದಿಲ್ಲ.

ಮಾವನಿಗೆ ಒಂದು ಕಲ್ಲು ಉಂಟು. ಕಲ್ಲು ಅಂದರೆ ಕಡಲಿನ ಅಡಿಯ ಬಂಡೆ. ಅದರ ಸಂದಿಯಲ್ಲಿ ಮುರು ಮೀನು ಇರುತ್ತದೆ, ಗಾಳ ಹಾಕಿ ಹಿಡಿಯಬೇಕು. ಮಾವನಿಗೆ ಅದನ್ನು ತೋರಿಸಿಕೊಟ್ಟದ್ದು ಅವರ ಸೋದರಮಾವ. ನಮ್ಮಲ್ಲಿ ಇಂಥದ್ದು ಸೋದರಳಿಯನಿಗೆ ಹೋಗಬೇಕು, ಆದರೆ ನನ್ನ ಅಣ್ಣ ಗಲ್ಫಿನಲ್ಲಿ. ಹಾಗಾಗಿ ಕಂಕನಾಡಿಯ ಶಾಲೆಯಲ್ಲಿ ಕನ್ನಡ ಪಾಠ ಮಾಡುವ ನನ್ನನ್ನೇ ಒಂದು ಭಾನುವಾರ ಕರೆದುಕೊಂಡು ಹೋದರು. "ದೋಣಿಯಿಂದ ನೋಡುವಾಗ ಲೈಟ್‌ಹೌಸ್ ಆ ಗುಡ್ಡದ ಬೋಳುತಲೆಯ ಮೇಲೆ ಕೂರಬೇಕು. ತೆಂಕಿನ ಎರಡು ಚಿಮಣಿ ಒಂದರ ಹಿಂದೊಂದು ಅಡಗಿ ಒಂದೇ ಆಗಬೇಕು. ಆಗ ನೀನು ಕಲ್ಲಿನ ಮೇಲೆ," ಅಂದರು. ಜಿಪಿಎಸ್‌ನಲ್ಲಿ ಗುರುತು ಹಾಕಿಡಬಹುದಲ್ಲ ಅಂದೆ. "ರಿಪೇರಿಗೆ ಕೊಟ್ಟಾಗ ರಿಪೇರಿಯವ ನೋಡ್ತಾನೆ ಮಾರಾಯ್ತಿ," ಅಂದರು.

ಆಮೇಲೆ ಗ್ಯಾಸಿನ ಹಡಗಿನ ಸುದ್ದಿ ಬಂತು. ಹೊರದೇಶದಿಂದ ತಣ್ಣಗೆ ಮಾಡಿ ದ್ರವವಾಗಿಸಿದ ಗ್ಯಾಸನ್ನು ಹಡಗುಗಳು ತರುವುದು, ಇಲ್ಲಿ ಕಡಲಿನಲ್ಲೇ ಕಾಯಂ ಆಗಿ ಕಟ್ಟಿಹಾಕಿದ ಇನ್ನೊಂದು ದೊಡ್ಡ ಹಡಗು ಅದನ್ನು ಮತ್ತೆ ಗ್ಯಾಸ್ ಮಾಡಿ ಪೈಪಿನಲ್ಲಿ ದಡಕ್ಕೆ ಕಳಿಸುವುದು. ಆ ಹಡಗಿನ ಸುತ್ತ ಒಂದಷ್ಟು ದೂರ ಬೇರೆ ಯಾರೂ ಸುಳಿಯುವ ಹಾಗಿಲ್ಲ. ಎಲ್ಲವೂ ಇನ್ನೂ ಪ್ರಸ್ತಾವನೆ ಮಾತ್ರ.

ಆ ಯೋಜನೆಯ ಸರ್ವೆಗೆ ಇಬ್ಬರು ಬಂದರು, ಒಳ್ಳೆಯ ಹುಡುಗರು. ಅವರಿಗೆ ತುಳು ಬಾರದು, ಅದಕ್ಕೆ ನನ್ನನ್ನು ಕರೆಸಿದರು. ದೋಣಿಯವರೆಲ್ಲ ಒಂದೇ ಮೇಜಿನ ಸುತ್ತ ಕೂತಿದ್ದರು, ನಡುವೆ ಕಡಲಿನ ನಕ್ಷೆ. ನೀವು ಎಲ್ಲಿ ಮೀನು ಹಿಡಿಯುತ್ತೀರಿ, ಬೆರಳಿಟ್ಟು ತೋರಿಸಿ ಅಂದರು. ಎಂತ ಪ್ರಶ್ನೆ ನೋಡಿ! ಪಕ್ಕದಲ್ಲಿ ದಿನಾ ದೋಣಿ ಕಟ್ಟುವವನು ಕತ್ತು ಉದ್ದ ಮಾಡಿ ನೋಡುತ್ತಿರುವಾಗ ಯಾವನು ತೋರಿಸುತ್ತಾನೆ? ಮಾವ ಬಡಗಿನಲ್ಲಿ ಎಲ್ಲೋ ಬೆರಳಿಟ್ಟರು. ಪಕ್ಕದ ದೋಣಿಯವ ಇನ್ನೂ ಆಚೆ ಇಟ್ಟ. ಒಬ್ಬೊಬ್ಬರಾಗಿ ಎಲ್ಲರೂ ಎದುರಿನ ಕಡಲನ್ನು ಬಿಟ್ಟು ಬೇರೆಲ್ಲ ಕಡೆ ಮೀನು ಹಿಡಿದರು. ನನಗೆ ಕಲ್ಲು ಗೊತ್ತಿತ್ತು. ಬಾಯಿ ಬಿಟ್ಟರೆ ಬಣ್ಣಗೇಡು ಅಂತ ಸುಮ್ಮನೆ ಕೂತು, ಅವರು ಹೇಳಿದ್ದನ್ನು ಚಂದದ ಕನ್ನಡದಲ್ಲಿ ಹೇಳಿದೆ. ಆ ಚಂದಕ್ಕೆ ನನಗೆ ಇವತ್ತಿಗೂ ನಾಚಿಕೆಯಾಗುತ್ತದೆ.

ಕೆಲವು ತಿಂಗಳು ಕಳೆದು ವರದಿಯ ಕನ್ನಡ ಸಾರಾಂಶ ಕೈಗೆ ಬಂತು. ಹಡಗು ನಿಲ್ಲುವ ಜಾಗದ ಗುರುತು ಸರೀ ಮಾವನ ಕಲ್ಲಿನ ಮೇಲೆ. ಕೆಳಗೆ, ಇಲ್ಲಿ ಮೀನುಗಾರಿಕೆ ಇಲ್ಲ ಎಂದು ಒಂದು ಸಾಲು. ಅದನ್ನು ಹಿಡಿದುಕೊಂಡು ಮಾವನ ಮನೆಗೆ ಓಡಿದೆ.

"ಯಾರು ಈ ಸುಳ್ಳು ಬರೆದದ್ದು?" ಮಾವ ಸಿಡುಕಿದರು.

"ನೀವೇ ಹೇಳಿದ್ದು, ನಾನು ಕನ್ನಡ ಮಾಡಿದ್ದು," ಅಂದೆ. ನನಗೂ ಸಿಟ್ಟು ನೆತ್ತಿಗೇರಿತ್ತು. "ಅಹವಾಲು ಸಭೆ ಉಂಟು. ಅಲ್ಲಿ ನಿಜ ಹೇಳಿ."

"ಎಲ್ಲರ ಎದುರಿಗಾ?"

"ಎಲ್ಲರ ಎದುರಿಗೆ. ಇಲ್ಲದಿದ್ದರೆ ಕಲ್ಲು ಹೋಯಿತು."

"ಹೇಳಿದರೂ ಹೋಯಿತು," ಅಂದರು. ಅತ್ತೆ ಚಹಾ ತಂದಿಟ್ಟರು, ಮಾವ ಮುಟ್ಟಲಿಲ್ಲ.

ಸಭೆಯಲ್ಲಿ ಫ್ಯಾನು, ಮೈಕು, ನೀರಿನ ಬಾಟಲಿ ಎಲ್ಲ ಇತ್ತು. ನಮ್ಮವರು ಹೊಟ್ಟೆಪಾಡು ಹೋಗುತ್ತದೆ ಅಂತ ಒಬ್ಬರ ಮೇಲೊಬ್ಬರು ಕೂಗಿದರು. ಅಧಿಕಾರಿ ಸಮಾಧಾನದವರು. ನೀವೇ ತೋರಿಸಿದ ನಕ್ಷೆಯಲ್ಲಿ ಆ ಜಾಗ ಖಾಲಿ ಉಂಟಲ್ಲ ಅಂದರು. ಕೂಗು ನಿಂತಿತು. ಮಾಡಿದ್ದುಣ್ಣೋ ಮಹಾರಾಯ ಅನ್ನುವುದು ಇದಕ್ಕೇ. ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿದರು, ಯಾರೂ ಏಳಲಿಲ್ಲ.

ಮಾವ ಎದ್ದರು. ಮೈಕಿನ ಎದುರು ನಿಂತು ಗುಡ್ಡ, ಲೈಟ್‌ಹೌಸ್, ಎರಡು ಚಿಮಣಿ ಎಲ್ಲವನ್ನೂ ಹೇಳಿದರು. ನನ್ನ ಹತ್ತಿರ ಹೇಳಿದ ಹಾಗೆಯೇ, ಒಂದಕ್ಷರ ಬಿಡದೆ. ನಾನು ಕನ್ನಡ ಮಾಡುತ್ತಾ ಹೋದೆ.

"ಹಾಗಾದರೆ ಅಂದು ಯಾಕೆ ತಪ್ಪು ತೋರಿಸಿದಿರಿ?" ಅಧಿಕಾರಿ ಕೇಳಿದರು.

"ಅಂದು ಇವರೆಲ್ಲ ಎದುರು ಕೂತಿದ್ದರು," ಅಂದರು ಮಾವ.

"ಇವತ್ತೂ ಕೂತಿದ್ದಾರಲ್ಲ?"

"ಹೌದು. ಅದಕ್ಕೇ ಕಾಲು ನಡುಗ್ತಾ ಉಂಟು."

ಯಾರೋ ನಕ್ಕರು. ದೋಣಿಯವರು ಯಾರೂ ನಗಲಿಲ್ಲ. ಅಧಿಕಾರಿ ಬರೆದುಕೊಂಡರು, ಪರಿಶೀಲಿಸುತ್ತೇವೆ, ಆದರೆ ಬಾಯಿಮಾತು ಸಾಲದು, ಪುರಾವೆ ಬೇಕು ಅಂದರು.

ಆ ವಾರದ ಭಾನುವಾರ ಕಡಲು ತಣ್ಣಗಿತ್ತು. ಬೆಳಿಗ್ಗೆ ಒಂಬತ್ತಕ್ಕೆ ನಾನು ಕಡಲ ಕರೆಗೆ ಹೋಗುವಾಗ ಮಾವ ದೋಣಿ ಎಳೆದಿಟ್ಟು ಗಾಳದ ಹಗ್ಗ ಸುತ್ತುತ್ತಿದ್ದರು. ಬುಟ್ಟಿ ಒಣಗಿಯೇ ಇತ್ತು.

"ಕಲ್ಲಿಗೆ ಹೋಗಲಿಲ್ವಾ?"

"ಹೋದೆ. ನನಗಿಂತ ಮೊದಲೇ ಹದಿನಾಲ್ಕು ದೋಣಿ ಉಂಟು. ನೆರೆಮನೆಯವನದ್ದೂ ಉಂಟು."

ನಾಚಿಕೆಗೆಟ್ಟವರು ಅಂತ ಬೈದೆ, ಇನ್ನೂ ಬೈಯುವವಳಿದ್ದೆ. ಮಾವ ಅಂಗಿಯ ಕಿಸೆಯಿಂದ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಫೋನು ತೆಗೆದು, ಅದರಲ್ಲಿದ್ದ ಫೋಟೊ ತೋರಿಸಿ ನನ್ನ ಕೈಗಿಟ್ಟರು. "ಅವರನ್ನು ಬೈಯಬೇಡ. ಅಧಿಕಾರಿಗೆ ಅರ್ಜಿ ಬರೆದು ಇದನ್ನು ಸೇರಿಸು. ಖಾಲಿ ಅಂತ ಬರೆದಿದ್ದಾರಲ್ಲ, ಎಣಿಸಲಿ."

ಅರ್ಜಿ ಕೊಟ್ಟಾಗಿದೆ, ತೀರ್ಮಾನ ಇನ್ನೂ ಬಂದಿಲ್ಲ. ಫೋಟೊದ ಒಂದು ಪ್ರತಿ ನನ್ನ ಹತ್ತಿರ ಉಂಟು. ಹಿಂದೆ ಗುಡ್ಡ, ಗುಡ್ಡದ ತಲೆಯ ಮೇಲೆ ಲೈಟ್‌ಹೌಸ್, ಮುಂದೆ ಹದಿನಾಲ್ಕು ದೋಣಿ. ಮಾವನ ದೋಣಿ ಅದರಲ್ಲಿ ಕಾಣುವುದಿಲ್ಲ. ಅವರು ಆ ದೋಣಿಯಲ್ಲಿ ನಿಂತೇ ಫೋಟೊ ತೆಗೆದದ್ದು.